ಓಟಿನಲ್ಲೂ ಊರು–ಕೇರಿಯೇ?

ಹಳ್ಳಿ ಜನ ಮುಗ್ಧರು, ಸರ್ವಾಧಿಕಾರಿಗೂ ಓಟು ಒತ್ತಿಬಿಡ್ತಾರೆ. ಪ್ರಜಾಪ್ರಭುತ್ವ ಉಳಿಸಿದವರು ಪೇಟೆಯ ವಿದ್ಯಾವಂತರು. ತುರ್ತುಪರಿಸ್ಥಿತಿಯ ಮಾತು ಬಂದಾಗಲೆಲ್ಲ ನಮ್ಮ ಬುದ್ಧಿಜೀವಿಗಳು ಹೇಳುವ ಕಥೆ ಇದು. ಕರ್ನಾಟಕದ ಲೆಕ್ಕವೇ ಅವರ ಕೈಯ ದೊಣ್ಣೆ.

ಆ ಲೆಕ್ಕವನ್ನೇ ಬಿಚ್ಚಿ ನೋಡೋಣ. 1977ರ ಮಾರ್ಚ್ ಚುನಾವಣೆಯಲ್ಲಿ ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು, ನಿಜ. ಸೋತ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಇನ್ನೊಂದು ಹಾಸನ. ಅದೇನು ಮಹಾನಗರವೇ? ಪಕ್ಕದ ಬೆಂಗಳೂರು ಉತ್ತರ ಕಾಂಗ್ರೆಸ್ಸನ್ನೇ ಆರಿಸಿತಲ್ಲ, ಅಲ್ಲಿ ವಿದ್ಯಾವಂತರು ಇರಲಿಲ್ಲವೇ?

ಇನ್ನು ಉತ್ತರದ ಕಡೆ ತಿರುಗಿ. ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯೇ ಸೋತರು. ಅಲ್ಲಿನ ಓಟುಗಳಲ್ಲಿ ಬಹುಪಾಲು ಹಳ್ಳಿಯವೇ. ಒತ್ತಾಯದ ಆಪರೇಷನ್ನಿಗೆ ಸರ್ಕಾರ ಬಡವರ ಮೈಮೇಲೇ ಕೈಹಾಕಿದಾಗ ಅಕ್ಷರ ಬಾರದವರೂ ಗದ್ದುಗೆ ಉರುಳಿಸಿದರು.

ಹಾಗಾದರೆ ಇಲ್ಲಿ ಯಾಕೆ ಬೇರೆ? ಉತ್ತರದ ಆ ಭೀತಿ ಇಲ್ಲಿ ಅಷ್ಟು ಕಾಡಲಿಲ್ಲ. ದೇವರಾಜ ಅರಸು ಕಾಲದಲ್ಲಿ 1974ರ ಭೂಸುಧಾರಣೆ ಜಾರಿಗೆ ಬಂತು, 1975ರಲ್ಲಿ ಹಾವನೂರು ವರದಿ ಬಂತು. ದೇಶದ ಮಟ್ಟದಲ್ಲಿ 1976ರ ಜೀತ ನಿಷೇಧ ಕಾನೂನು ಬಂತು. ಗೇಣಿದಾರನಿಗೆ ಇದು ನೆಲದ ಮಾತು. ಆದರೆ ಗೇಣಿಯೂ ಇಲ್ಲದ ನಮ್ಮ ಕೇರಿಯ ಕೂಲಿಯವನಿಗೆ ಉಳುವವನೇ ಒಡೆಯ ಅನ್ನೋ ಕಾನೂನು ಕೊಟ್ಟಿದ್ದು ಬಲು ಕಡಿಮೆ. ಕೊಟ್ಟೀತು ಅನ್ನೋ ಆಸೆಯಿಂದ ಓಟು ಬಿತ್ತು. ಆಸೆಪಡೋದು ಮುಗ್ಧತೆಯಲ್ಲ.

ಇಷ್ಟು ಹೇಳಿ ತುರ್ತುಪರಿಸ್ಥಿತಿಗೆ ಸುಣ್ಣ ಬಳಿಯಲು ನಾವು ಬಂದಿಲ್ಲ. ಬೆಂಗಳೂರು ಜೈಲಿನಲ್ಲಿ ನರಳಿದ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, ತೀರಿಕೊಂಡರು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದ ಆ ತಿಂಗಳುಗಳಲ್ಲಿ ರೇಡಿಯೋ ಸರ್ಕಾರದ ಮಾತನ್ನೇ ನುಡಿಯಿತು. ಹಳ್ಳಿಗೆ ಸುದ್ದಿ ಮುಟ್ಟದಂತೆ ಮಾಡಿದವರನ್ನು ಬಿಟ್ಟು, ಸುದ್ದಿ ಮುಟ್ಟದವನನ್ನೇ ಮೂರ್ಖ ಅನ್ನೋದು ಯಾವ ನ್ಯಾಯ?

ಓಟು ಒಂದೇ, ಅದರ ಬೆಲೆಯೂ ಒಂದೇ. ಬದುಕಿನಲ್ಲಿ ಮಾತ್ರ ಸಮಾನತೆ ಇಲ್ಲ ಅಂತ ಬಾಬಾಸಾಹೇಬರು 1949ರ ನವೆಂಬರಿನಲ್ಲೇ ಸಂವಿಧಾನ ಸಭೆಯನ್ನು ಎಚ್ಚರಿಸಿದ್ದರು. ಓದಿದವನ ಓಟು ಮೇಲು, ಓದದವನದು ಕೀಳು ಅನ್ನುವವರು ಆ ಒಂದು ಸಮಾನತೆಯನ್ನೂ ಕಿತ್ತುಕೊಳ್ಳುತ್ತಾರೆ. ಅಲ್ಲಿಂದ ಸರ್ವಾಧಿಕಾರಕ್ಕೆ ದಾರಿ ದೂರವಿಲ್ಲ. ಗೆಳೆಯರೇ, ಮೇಷ್ಟ್ರುಗಳೇ, ಮುಗ್ಧ ಮತದಾರ ಅನ್ನೋ ಮಾತು ಇನ್ನೊಮ್ಮೆ ಕಿವಿಗೆ ಬಿದ್ದರೆ ಸುಮ್ಮನಿರಬೇಡಿ. ಈ ಲೆಕ್ಕ ಮುಂದಿಡಿ, ಉತ್ತರ ಕೇಳಿ.