ಯಾರಿಗೆ, ಎಷ್ಟು ಹೇಳುವುದು

ಅಮೆರಿಕದ ಕಾಲೇಜು ಸೇರುವ ಬಹುಪಾಲು ವಿದ್ಯಾರ್ಥಿಗಳು, ಮುಂದೆ ಏನನ್ನೇ ಓದಲಿ, ಮೊದಲ ವರ್ಷ ಬರವಣಿಗೆಯ ತರಗತಿಯಲ್ಲಿ ಕೂರಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾರ್ವರ್ಡ್ ರೂಢಿಸಿದ ಪದ್ಧತಿ ಇದು. ಅಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಅಭ್ಯಾಸ: ನಿಮ್ಮ ಬದುಕನ್ನು ಬದಲಿಸಿದ ಅನುಭವದ ಬಗ್ಗೆ ಬರೆಯಿರಿ. ಬರೆದದ್ದನ್ನು ಸಹಪಾಠಿಗಳು ಓದುತ್ತಾರೆ, ಮೇಷ್ಟರು ಅಂಕ ಹಾಕುತ್ತಾರೆ.

ಈ ಅಭ್ಯಾಸದ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ ಎಂಬುದನ್ನು ಬರವಣಿಗೆ ಬೋಧಕಿ ಹ್ಯಾರಿಯೆಟ್ ಮ್ಯಾಲಿನೋವಿಟ್ಸ್ 1995ರ ‘ಟೆಕ್ಸ್ಚುವಲ್ ಓರಿಯೆಂಟೇಶನ್ಸ್’ ಪುಸ್ತಕದಲ್ಲಿ ಗಟ್ಟಿಯಾಗಿ ಹೇಳಿದರು. ಸಲಿಂಗಿ ವಿದ್ಯಾರ್ಥಿನಿ ಪೆನ್ನು ಹಿಡಿಯುವ ಮೊದಲೇ ಲೆಕ್ಕ ಹಾಕಬೇಕು: ಓದುವವರು ಯಾರು, ಎಷ್ಟು ಹೇಳಿದರೆ ಅಪಾಯವಿಲ್ಲ, ಗೆಳತಿಯನ್ನು ಗೆಳೆಯನನ್ನಾಗಿ ಮಾಡಿಬಿಡಲೇ? ಇಷ್ಟೆಲ್ಲ ಅಳೆದು ಸುರಿದು ಬರೆದ ಪ್ರಬಂಧ ಮಂಕಾದರೆ ‘ವಿವರ ಸಾಲದು’ ಎಂಬ ಷರಾ ಬೇರೆ.

ಲಿಂಗ, ಲೈಂಗಿಕತೆಯ ರೂಢಿಗತ ಚೌಕಟ್ಟುಗಳನ್ನು ಪ್ರಶ್ನಿಸುವ ಕ್ವಿಯರ್ ಸಿದ್ಧಾಂತ ಬರವಣಿಗೆ ಬೋಧನೆಗೆ ಕೊಟ್ಟ ಅಸಲಿ ಕೊಡುಗೆ, ನನ್ನ ಮಟ್ಟಿಗೆ, ಈ ಲೆಕ್ಕವನ್ನು ಎತ್ತಿ ತೋರಿಸಿದ್ದೇ. ಬರೆಯುವವರು, ಓದುವವರು, ನಡುವಿನ ಅಪಾಯ: ಇವು ಮನವೊಲಿಸುವ ಮಾತಿನ ಕಲೆಯಾದ ರೆಟರಿಕ್ಕಿನ ಅತಿ ಹಳೆಯ ಪ್ರಶ್ನೆಗಳು. ತಪ್ಪೊಪ್ಪಿಗೆ ಬಿಡುಗಡೆಯಲ್ಲ, ಅಧಿಕಾರದ ಒಂದು ತಂತ್ರ ಎಂದು ಫ್ರೆಂಚ್ ಚಿಂತಕ ಫುಕೊ 1976ರಲ್ಲೇ ವಾದಿಸಿದ್ದ. ‘ಮನಬಿಚ್ಚಿ ಬರೆ’ ಎನ್ನುವ ಮೇಷ್ಟರ ಕೈಯಲ್ಲಿ ಅಂಕಪಟ್ಟಿಯೂ ಇದೆ ಎಂಬುದು ಆಮೇಲಷ್ಟೇ ಕಣ್ಣಿಗೆ ಬಿತ್ತು.

ಈ ಪರಂಪರೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಕರೆನ್ ಕೊಪೆಲ್ಸನ್ 2003ರಲ್ಲಿ ಬರೆದ ಲೇಖನ. ಅಂಚಿನ ಸಮುದಾಯದ ಶಿಕ್ಷಕಿ ತನ್ನ ಗುರುತನ್ನು ಮುಂದಿಟ್ಟು ಪಾಠ ಮಾಡಿದರೆ, ‘ಇದು ಇವರ ಅಜೆಂಡಾ’ ಎಂದು ವಿದ್ಯಾರ್ಥಿಗಳು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹಾಗಾದರೆ ತಟಸ್ಥಳಂತೆ ನಟಿಸಿದರೇನು ತಪ್ಪು? ಗ್ರೀಕರು ಮೆಟಿಸ್ ಎನ್ನುತ್ತಿದ್ದ ಚತುರೋಪಾಯದ ಜಾಡು ಇದು. ಹೆಮ್ಮೆಯಿಂದ ಹೇಳಿಕೊಳ್ಳುವುದೇ ಧರ್ಮವಾಗಿದ್ದ ವಲಯದಲ್ಲಿ ಹೀಗೆ ಬರೆಯಲು ಧೈರ್ಯ ಬೇಕಿತ್ತು.

ಆದರೆ ಪ್ರಬಂಧ ಬರೆದವನೇ ದ್ವೇಷಿಯಾದರೆ? ರಿಚರ್ಡ್ ಮಿಲ್ಲರ್ 1994ರಲ್ಲಿ ಚರ್ಚಿಸಿದ ಪ್ರಬಂಧವೊಂದಿದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಸಲಿಂಗಿಗಳನ್ನು ಕಂಡು ಅಸಹ್ಯಪಟ್ಟು, ಗಲ್ಲಿಯಲ್ಲಿದ್ದ ನಿರ್ಗತಿಕನನ್ನು ಥಳಿಸಿದೆ ಎಂದು ವಿದ್ಯಾರ್ಥಿ ಬರೆದಿದ್ದ. ಅವನ ಮೇಷ್ಟರು ಅದನ್ನು ಕತೆಯೆಂದು ಪರಿಗಣಿಸಿ ಕಾಗುಣಿತ, ವ್ಯಾಕರಣ, ನಿರೂಪಣೆ ತಿದ್ದಿದರು. ವಿಷಯ ವಿದ್ವಾಂಸರ ಸಭೆಗೆ ಬಂದಾಗ ಪೊಲೀಸರಿಗೆ ಒಪ್ಪಿಸಿ ಎಂದವರಿದ್ದರು, ಆಪ್ತಸಲಹೆಗೆ ಕಳಿಸಿ ಎಂದವರಿದ್ದರು. ಅದನ್ನು ಬರಹವೆಂದು ಓದಿ ಉತ್ತರಿಸುವುದು ಹೇಗೆಂದು ಹೇಳುವುದೇ ಕಷ್ಟವಾಯಿತು. ಬಚ್ಚಿಟ್ಟುಕೊಂಡ ವಿದ್ಯಾರ್ಥಿಯ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸುವ ಕ್ವಿಯರ್ ಚಿಂತನೆ ಇಂಥ ಹುಡುಗನ ಎದುರು ಈಗಲೂ ತಡವರಿಸುತ್ತದೆ.

ಆಮೇಲಿನ ಸಿದ್ಧಾಂತಿಗಳು ಬೇರೆ ದಾರಿ ಹಿಡಿದರು. ಅಚ್ಚುಕಟ್ಟಾದ, ಮುಗಿದ ಪ್ರಬಂಧವನ್ನೇ ಬೇಡುವ ಬೋಧನೆ ದೇಹ ಮತ್ತು ಲೈಂಗಿಕತೆಯನ್ನೂ ಅದೇ ಅಚ್ಚಿಗೆ ಒತ್ತುತ್ತದೆ ಎಂದು ರಾಬರ್ಟ್ ಮೆಕ್‌ರೂರ್ 2004ರಲ್ಲಿ ವಾದಿಸಿದರು. ಜೊನಾಥನ್ ಅಲೆಕ್ಸಾಂಡರ್ ಮತ್ತು ಜ್ಯಾಕ್ವೆಲಿನ್ ರೋಡ್ಸ್ 2011ರಲ್ಲಿ, ಕ್ವಿಯರ್ ಎಂಬುದು ಬರವಣಿಗೆಯ ತರಗತಿಗೆ ಒಗ್ಗಲಾರದ ವಸ್ತು, ಯಾಕೆಂದರೆ ಅದು ಯಾವ ಚೌಕಟ್ಟಿಗೂ ಕೂರುವುದಿಲ್ಲ ಎಂದರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಉರುಹೊಡೆದು ಬಂದ ನಮಗೂ ಈ ಮಾತು ರುಚಿಸುತ್ತದೆ. ಆದರೂ ಸೆಮಿಸ್ಟರ್ ಕೊನೆಗೆ ಗ್ರೇಡ್ ಕೊಡಲೇಬೇಕಲ್ಲ? ಚೌಕಟ್ಟು ಮುರಿದ ಬರಹಕ್ಕೆ ಯಾವ ಅಳತೆಗೋಲು? ಮುರಿಯುವುದೇ ಮಾದರಿಯಾದರೆ ಜಾಣ ವಿದ್ಯಾರ್ಥಿ ಅದನ್ನೂ ಕಲಿತು ಒಪ್ಪಿಸುತ್ತಾನೆ.

ಈ ತರಗತಿಗಳನ್ನು ಹೆಚ್ಚಾಗಿ ನಡೆಸುವವರು ಗುತ್ತಿಗೆ ಶಿಕ್ಷಕರು, ಸಂಶೋಧನಾ ವಿದ್ಯಾರ್ಥಿಗಳು. ಮೆಕ್‌ರೂರ್ ಇದನ್ನು ಗಮನಿಸಿದ್ದಾರೆ, ಉಳಿದವರಲ್ಲಿ ಹಲವರು ದಾಟಿಹೋಗುತ್ತಾರೆ. ಮುಂದಿನ ಸೆಮಿಸ್ಟರಿಗೆ ಪಾಠ ಸಿಗುತ್ತದೋ ಇಲ್ಲವೋ ತಿಳಿಯದವಳಿಗೆ, ತರಗತಿಯನ್ನು ಬುಡಮೇಲು ಮಾಡು ಎಂದು ಕಾಯಂ ಪ್ರಾಧ್ಯಾಪಕರು ಪತ್ರಿಕೆಯಲ್ಲಿ ಬರೆಯುವುದು ಸುಲಭ. ಮ್ಯಾಲಿನೋವಿಟ್ಸ್ ವಿದ್ಯಾರ್ಥಿಯ ಪರವಾಗಿ ಹಾಕಿದ ಅಪಾಯದ ಲೆಕ್ಕವನ್ನು ಅವಳ ಪರವಾಗಿ ಹಾಕಿದವರು ಕಡಿಮೆ.