ಪಕ್ಷಿ ಛಾಯಾಗ್ರಹಣದಲ್ಲಿ ಅಹಿಂಸೆಯ ವಿವೇಕ

ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ತೆಗೆದ ಒಂದು ಬಗೆಯ ಛಾಯಾಚಿತ್ರವು ಇಂದು ಪಕ್ಷಿಪ್ರಿಯರಿಗೆಲ್ಲ ಚಿರಪರಿಚಿತವಾಗಿದೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲುಗಳ ಗಂಡು ಹಕ್ಕಿಯೊಂದು ತಾನು ಹಿಡಿದು ತಂದ ಕಿರುಮೀನನ್ನು ಹೆಣ್ಣಿಗೆ ಒಪ್ಪಿಸುತ್ತಿರುವ ದೃಶ್ಯವದು. ರಿವರ್ ಟರ್ನ್ ಎಂದು ಪ್ರಸಿದ್ಧವಾದ ಈ ನದಿ ರೀವಗಳು, ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ಗುಂಪುಗುಂಪಾಗಿ ಬಂದು ಸಂತಾನಕಾರ್ಯದಲ್ಲಿ ತೊಡಗುತ್ತವೆ. ನರಸಿಂಹರಾಜಪುರದ ಅಂಚಿನವರೆಗೂ ಹಬ್ಬಿರುವ ಈ ಹಿನ್ನೀರು, ಸಿಂಹನಗದ್ದೆಯ ಜ್ವಾಲಾಮಾಲಿನಿ ದೇವಿಯ ದರ್ಶನಕ್ಕೆ ಬರುವ ಯಾತ್ರಿಕರಿಗೂ ಅಪರಿಚಿತವೇನಲ್ಲ.

ಆ ಚಿತ್ರದ ಸೊಬಗು ನಿಜವಾದುದು. ಮುಂದೆ ಮರಿಗಳನ್ನು ಪೋಷಿಸಬಲ್ಲೆನೆಂಬುದನ್ನು ಗಂಡು ತನ್ನ ಕಾರ್ಯದಿಂದಲೇ ತೋರಿಸುತ್ತದೆ. ಹೆಣ್ಣು ಅದನ್ನು ಸ್ವೀಕರಿಸಿದರೆ ಜೋಡಿ ಗಟ್ಟಿಯಾಗುತ್ತದೆ. ಮೀನು ಆ ಹಕ್ಕಿಯ ಸಹಜಾಹಾರ. ಶ್ರಾವಕನ ಆಚಾರವನ್ನು ಅದರ ಮೇಲೆ ಆರೋಪಿಸುವುದು ಸಲ್ಲದು. ವನ್ಯಜೀವಿಗಳತ್ತ ಕೋವಿ ಚಾಚುತ್ತಿದ್ದ ಮನುಷ್ಯನ ಕೈಗೆ ಕ್ಯಾಮೆರಾ ಬಂದುದೂ ಸಾಮಾನ್ಯ ಲಾಭವಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಈ ಕಲೆಗೆ ಕರ್ನಾಟಕದಲ್ಲಿ ಗೌರವ ತಂದುಕೊಟ್ಟರು. ಆದುದರಿಂದ ವಿಮರ್ಶೆ ನಡೆಯಬೇಕಾದುದು ಕಲೆಯ ಬಗ್ಗೆ ಅಲ್ಲ, ಅದನ್ನು ಸಾಧಿಸುವ ಮಾರ್ಗದ ಬಗ್ಗೆ.

ಇದೇ ಹಕ್ಕಿಯ ಮತ್ತೊಂದು ಬಗೆಯ ಚಿತ್ರವೂ ಪ್ರಶಂಸೆಗೆ ಪಾತ್ರವಾಗುತ್ತದೆ. ರೆಕ್ಕೆಗಳನ್ನು ಅಗಲವಾಗಿ ಹರಡಿ, ಕೊಕ್ಕು ತೆರೆದು, ನೋಡುಗನ ಮೇಲೆಯೇ ಎರಗುವಂತೆ ತೋರುವ ಹಕ್ಕಿಯ ಚಿತ್ರ ಅದು. ‘ಎಂಥ ರೌದ್ರ, ಎಂಥ ಲಾವಣ್ಯ!’ ಎಂದು ನೋಡಿದವರು ಉದ್ಗರಿಸುತ್ತಾರೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹಕ್ಕಿಯ ದೃಷ್ಟಿ ಎಲ್ಲಿದೆಯೆಂಬುದನ್ನು ಪರೀಕ್ಷಿಸಬೇಕು. ಮೊದಲನೆಯದರಲ್ಲಿ ಹಕ್ಕಿಗಳು ಪರಸ್ಪರ ನೋಡುತ್ತಿವೆ. ಎರಡನೆಯದರಲ್ಲಿ ಹಕ್ಕಿ ನೋಡುತ್ತಿರುವುದು ಕ್ಯಾಮೆರಾ ಹಿಡಿದವನನ್ನು. ಅದು ರೌದ್ರವಲ್ಲ, ಭಯ. ನದಿ ರೀವ ಗೂಡು ಹೆಣೆಯುವುದಿಲ್ಲ; ಬರಿಯ ನೆಲದ ಸಣ್ಣ ತಗ್ಗಿನಲ್ಲಿ ಮಣ್ಣು ಕಲ್ಲುಗಳ ಬಣ್ಣದ್ದೇ ಆದ ಮೊಟ್ಟೆಗಳನ್ನಿಡುತ್ತದೆ. ಮನುಷ್ಯ ಸಮೀಪಿಸಿದೊಡನೆ ಇಡೀ ಗುಂಪು ಚೀರುತ್ತಾ ಮೇಲೇಳುತ್ತದೆ. ಆಗ ಮೊಟ್ಟೆಗಳು ಸುಡುಬಿಸಿಲಿಗೂ ಕಾಗೆ ಹದ್ದುಗಳಿಗೂ ತೆರೆದುಕೊಳ್ಳುತ್ತವೆ. ಇದಾವುದೂ ಚಿತ್ರದ ಚೌಕಟ್ಟಿನೊಳಗೆ ಬರುವುದಿಲ್ಲ. ಜಮೆಯ ಬಾಬತ್ತನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಹರಿದುಹಾಕಿದ ಲೆಕ್ಕದಂತೆ ಅಂತಹ ಚಿತ್ರ ಅಪೂರ್ಣವಾದುದು.

ರಾಷ್ಟ್ರದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದವನ್ನು ನಿರೂಪಿಸುವಾಗ, ಕಾಡುಹಕ್ಕಿಗಳ ಮೊಟ್ಟೆಗಳಿಗೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದನ್ನೂ ಅದರೊಳಗೇ ಸೇರಿಸಿದೆ. ಕೋವಿಯಿಲ್ಲದ ಮಾತ್ರಕ್ಕೆ ಬೇಟೆ ಅಲ್ಲವಾಗುವುದಿಲ್ಲ ಎಂಬುದು ಇದರ ತಾತ್ಪರ್ಯ.

ಧರ್ಮದ ವಿಚಾರ ಇನ್ನೂ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ, ಎಂದರೆ ಎಚ್ಚರಗೇಡಿ ಪ್ರವೃತ್ತಿಯಲ್ಲಿ, ಗುರುತಿಸುತ್ತದೆ. ‘ಕೊಲ್ಲುವ ಉದ್ದೇಶವಿರಲಿಲ್ಲ’ ಎಂಬ ಸಮಾಧಾನವು ಎಚ್ಚರ ತಪ್ಪಿದವನಿಗೆ ದೊರೆಯುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಸಾಕುಪ್ರಾಣಿಗೆ ಮೇವು ನೀರು ತಪ್ಪಿಸುವುದಕ್ಕೆ ಮಾತ್ರ ಇದನ್ನು ಅನ್ವಯಿಸುವುದು ರೂಢಿ. ಆದರೆ ಕೊಪ್ಪ, ಶೃಂಗೇರಿಗಳ ಕಾಡಂಚಿನಲ್ಲಿ ವಾಸಿಸುವ ಮಂಗಟ್ಟೆಯ ಬದುಕನ್ನು ಗಮನಿಸಿದರೆ ಅದರ ವ್ಯಾಪ್ತಿ ಅರಿವಾಗುತ್ತದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಮೆತ್ತಿ ಮುಚ್ಚಿ, ಕಿರಿದಾದ ಸೀಳನ್ನಷ್ಟೇ ಉಳಿಸಿಕೊಂಡು ಕಾವು ಕೂರುತ್ತದೆ. ಆ ಸೀಳಿನ ಮೂಲಕ ಗಂಡು ತಂದುಕೊಡುವ ಹಣ್ಣುಗಳೇ ಅದರ ಆಧಾರ. ಮರದ ಬುಡದಲ್ಲಿ ಜನ ಕಾದು ನಿಂತರೆ ಅಂಜುಬುರುಕನಾದ ಗಂಡು ಹತ್ತಿರ ಬಾರದೆ ದೂರದಲ್ಲಿಯೇ ಉಳಿಯುತ್ತದೆ. ಒಳಗಿರುವ ತಾಯಿಗೂ ಮರಿಗೂ ಆಗುವುದು ಅನ್ನನಿರೋಧವಲ್ಲದೆ ಮತ್ತೇನು?

ಹಕ್ಕಿಯ ದೃಷ್ಟಿಯನ್ನು ಪರೀಕ್ಷಿಸುವ ಮೇಲಿನ ಒರೆಗಲ್ಲು ಒಂದು ಕಡೆ ಸೋಲುತ್ತದೆ. ಧ್ವನಿಮುದ್ರಿತ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಹಕ್ಕಿಯನ್ನು ಬಯಲಿಗೆ ಎಳೆಯುವ ಪದ್ಧತಿ ಈಗ ಬಳಕೆಯಲ್ಲಿದೆ. ಪ್ರತಿಸ್ಪರ್ಧಿ ಬಂದನೆಂದು ಭ್ರಮಿಸಿದ ಗಂಡು ತನ್ನ ಸಂಗಾತಿಯನ್ನು ಬಿಟ್ಟು ಬಂದು, ಎದೆಯುಬ್ಬಿಸಿ ಹಾಡುತ್ತದೆ. ಚಿತ್ರದಲ್ಲಿ ಅದು ಪ್ರಣಯಗಾನದಂತೆ ಕಂಡರೂ ವಾಸ್ತವದಲ್ಲಿ ವಂಚನೆಗೆ ಒಳಗಾದ ಜೀವಿಯ ಆತಂಕ. ಇಲ್ಲಿ ಅಹಿಂಸೆಯೊಡನೆ ಸತ್ಯವ್ರತಕ್ಕೂ ಭಂಗ ಬರುತ್ತದೆ, ನೋಡುಗನೂ ಮೋಸಹೋಗುತ್ತಾನೆ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲಸಿ ಹಕ್ಕಿಗಳ ಛಾಯಾಚಿತ್ರ ತೆಗೆದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಅವುಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ಅಲ್ಲಿ ಚಿತ್ರ ಒಂಟಿಯಾಗಿ ನಿಲ್ಲುವುದಿಲ್ಲ. ಹಕ್ಕಿಯ ನೆಲೆ, ನಡವಳಿಕೆಗಳ ವಿವರಣೆ ಅದರ ಜೊತೆಗಿರುತ್ತದೆ. ಆ ಕ್ರಮ ಇನ್ನೂ ಒಂದು ಹೆಜ್ಜೆ ಮುಂದುವರಿಯಬೇಕು. ಎಷ್ಟು ದೂರದಿಂದ, ಯಾವ ಮರೆಯಿಂದ, ಗೂಡಿದ್ದ ಕಾಲದಲ್ಲೋ ಇಲ್ಲದಾಗಲೋ ಚಿತ್ರ ತೆಗೆಯಲಾಯಿತೆಂಬ ವಿವರವೂ ಅದರೊಡನೆ ಪ್ರಕಟವಾಗಬೇಕು.

ಈ ಜವಾಬ್ದಾರಿ ಛಾಯಾಗ್ರಾಹಕನೊಬ್ಬನದೇ ಅಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ವಿಧಗಳಿಂದಲೂ ಕರ್ಮಬಂಧವಾಗುತ್ತದೆಂಬುದು ಜಿನಾಗಮದ ನಿಲುವು. ಬಸದಿಯ ಟ್ರಸ್ಟು ದಿನದರ್ಶಿಕೆಗೆಂದು ಹಕ್ಕಿಯ ಚಿತ್ರವನ್ನು ಕೊಂಡರೆ, ಅಥವಾ ಗೃಹಸ್ಥನು ಅದನ್ನು ಮೆಚ್ಚಿ ಮನೆಯ ಗೋಡೆಗೆ ತೂಗುಹಾಕಿದರೆ, ಅದು ದೊರೆತ ಮಾರ್ಗಕ್ಕೂ ಅನುಮೋದನೆ ಇತ್ತಂತಾಗುತ್ತದೆ. ಅಹಿಂಸೆಯ ಸಂದೇಶವನ್ನು ಅಚ್ಚು ಹಾಕಿಸಿದ ಪುಟದ ಮೇಲೆಯೇ ಬೆದರಿದ ತಾಯಿಹಕ್ಕಿಯ ಚಿತ್ರವಿದ್ದರೆ ಆ ಸಂದೇಶಕ್ಕೆ ಬೆಲೆ ಎಲ್ಲಿ? ಕೊಳ್ಳುವ ಮೊದಲು ‘ಇದನ್ನು ಹೇಗೆ ತೆಗೆದಿರಿ?’ ಎಂಬ ಒಂದು ಪ್ರಶ್ನೆಯನ್ನು ಕೇಳುವುದು ಶ್ರಾವಕಧರ್ಮ. ಉತ್ತರ ದೊರೆಯದ ಚಿತ್ರವನ್ನು, ಅದು ಎಷ್ಟೇ ಸುಂದರವಾಗಿರಲಿ, ಹಿಂದಿರುಗಿಸುವುದೇ ವಿವೇಕ.