ವಿಮಾನದಳದ ಕಮ್ಯಾಂಡು ವ್ಯವಸ್ಥೆ: ‘ಬ್ರಿಟಿಷ್ ಪಡಿಯಚ್ಚು’ ಎಂಬ ವಾದದ ವಿಮರ್ಶೆ

ಭಾರತೀಯ ವಿಮಾನದಳದ ಕಮ್ಯಾಂಡು ವ್ಯವಸ್ಥೆಯು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಪಡಿಯಚ್ಚೆಂಬ ಮಾತು ಎಷ್ಟು ರೂಢಿಗೆ ಬಂದಿದೆಯೆಂದರೆ, ಅದನ್ನು ಪರೀಕ್ಷಿಸುವ ಗೋಜಿಗೆ ಹೋಗುವವರು ವಿರಳ. ಈ ಲೇಖಕನೂ ಕೆಲವು ವರ್ಷ ತರಗತಿಯಲ್ಲಿ ಅದನ್ನೇ ಹೇಳಿಕೊಟ್ಟವನು. ಹುದ್ದೆಗಳ ಹೆಸರು, ಸ್ಕ್ವಾಡ್ರನ್, ವಿಂಗ್ ಎಂಬ ಘಟಕಗಳು, ಇವುಗಳ ಮಟ್ಟಿಗೆ ಮಾತು ದಿಟ. ಅಧಿಕಾರವನ್ನು ಯಾವ ತತ್ತ್ವದ ಮೇಲೆ ಹಂಚಲಾಗಿದೆ ಎಂಬ ಮುಖ್ಯ ಪ್ರಶ್ನೆಗೆ ಬಂದೊಡನೆ ಅದು ನಿಲ್ಲಲಾರದು.

ಬ್ರಿಟನ್ 1936ರಲ್ಲಿ ಸ್ವದೇಶದಲ್ಲಿದ್ದ ತನ್ನ ವಿಮಾನದಳವನ್ನು ಕಾರ್ಯಾನುಸಾರವಾಗಿ ವಿಂಗಡಿಸಿತು. ಬಾಂಬರ್, ಫೈಟರ್, ಕೋಸ್ಟಲ್, ಟ್ರೈನಿಂಗ್ ಎಂಬ ಕಮ್ಯಾಂಡುಗಳು ಹುಟ್ಟಿದವು. ದ್ವೀಪ ಚಿಕ್ಕದು; ಬೆಂಟ್ಲಿ ಪ್ರಯರಿಯ ಒಂದೇ ಕೇಂದ್ರದಿಂದ ಡೌಡಿಂಗ್ ಅದರ ಆಕಾಶರಕ್ಷಣೆಯನ್ನು ನಡೆಸಬಹುದಾಗಿತ್ತು. ಆದರೆ ಫೈಟರ್ ಕಮ್ಯಾಂಡಿನ ಒಳಗೆ ಗ್ರೂಪುಗಳೂ ಸೆಕ್ಟರುಗಳೂ ಪ್ರದೇಶಾನುಸಾರವಾಗಿಯೇ ಇದ್ದವು. 1940ರಲ್ಲಿ 11ನೆಯ ಗ್ರೂಪಿನ ಪಾರ್ಕ್ ಅವರಿಗೂ 12ನೆಯ ಗ್ರೂಪಿನ ಲೀ-ಮ್ಯಾಲೊರಿ ಅವರಿಗೂ ನಡೆದ ಪ್ರಸಿದ್ಧ ಕಲಹವು ಒಂದೇ ಕಾರ್ಯದ ಒಳಗೆ ಎರಡು ಪ್ರದೇಶಗಳ ಕಲಹವಾಗಿದ್ದಿತು. ಕಾರ್ಯವಿಭಜನೆಗೆ ಇನ್ನೊಂದು ಬೆಲೆಯೂ ತೆರಬೇಕಾಯಿತು: ಭೂಸೈನ್ಯದೊಡನೆ ಸಹಕರಿಸುವ ಪ್ರತ್ಯೇಕ ಕಮ್ಯಾಂಡು 1940ರ ಡಿಸೆಂಬರಿನವರೆಗೆ ಹುಟ್ಟಲಿಲ್ಲ, ಹುಟ್ಟಿದ್ದು 1943ರಲ್ಲೇ ಅಳಿಯಿತು.

ಇನ್ನು ಭಾರತದ ವಿಷಯ. 1949ರಲ್ಲಿ ಇಲ್ಲಿಯೂ ಆಪರೇಷನಲ್, ಟ್ರೈನಿಂಗ್ ಎಂಬ ಕಾರ್ಯಾನುಸಾರದ ವಿಭಾಗಗಳೇ ಏರ್ಪಟ್ಟವು. ಪಡಿಯಚ್ಚಿನ ವಾದ ಇಷ್ಟರವರೆಗೆ ಸರಿ. ಮುಂದೆ ಏನಾಯಿತೆಂಬುದನ್ನು ಆ ವಾದದವರು ಗಮನಿಸುವುದಿಲ್ಲ. 1958ರಲ್ಲಿ ಕಲ್ಕತ್ತೆಯಲ್ಲಿ ಒಂದು ಆಪರೇಷನಲ್ ಗ್ರೂಪು ಸ್ಥಾಪಿತವಾಗಿ ಮರುವರ್ಷವೇ ಪೂರ್ವ ಕಮ್ಯಾಂಡಾಯಿತು. 1962ರಲ್ಲಿ ಮಧ್ಯ ಕಮ್ಯಾಂಡು ಬಂದಿತು. 1963ರಲ್ಲಿ ಪೂರ್ವ ಕಮ್ಯಾಂಡು ಶಿಲ್ಲಾಂಗಿಗೆ ಹೋಯಿತು. ಅದೇ ವರ್ಷ ಹಳೆಯ ಆಪರೇಷನಲ್ ಕಮ್ಯಾಂಡು ಪಶ್ಚಿಮ ಕಮ್ಯಾಂಡೆಂಬ ಹೆಸರು ತಳೆಯಿತು. ಈ ಹೆಸರಿನ ಬದಲಾವಣೆ ಸಣ್ಣದಲ್ಲ. ಕಾರ್ಯವಾಚಕವಿದ್ದ ಕಡೆ ದಿಗ್ವಾಚಕ ಬಂದಿತು. ಹಿಮಾಲಯದ ಗಡಿ, ಪೂರ್ವ ಪಾಕಿಸ್ತಾನದಿಂದಾಗಿ ಸಿಲಿಗುರಿಯ ಕಿರುದಾರಿಗೆ ಇಳಿದ ಈಶಾನ್ಯದ ಸಂಪರ್ಕ, ಇವು ದೆಹಲಿಯೊಂದರಿಂದಲೇ ನಡೆಸುವ ಆಡಳಿತವನ್ನು ಅಸಾಧ್ಯವಾಗಿಸಿದವು. 1980ರಲ್ಲಿ ನೈಋತ್ಯ, 1984ರಲ್ಲಿ ದಕ್ಷಿಣ ಕಮ್ಯಾಂಡುಗಳು ಸೇರಿ ಪ್ರಾದೇಶಿಕ ಕಮ್ಯಾಂಡುಗಳು ಐದಾದವು. ಕಾರ್ಯಾನುಸಾರವಾಗಿ ಉಳಿದವು ಎರಡೇ: ಬೆಂಗಳೂರಿನ ಟ್ರೈನಿಂಗ್ ಕಮ್ಯಾಂಡು, ನಾಗಪುರದ ನಿರ್ವಹಣಾ ಕಮ್ಯಾಂಡು. ಬ್ರಿಟನ್ನಿನಲ್ಲಿ ಕಾರ್ಯ ಮೇಲೆ, ಪ್ರದೇಶ ಕೆಳಗೆ, ಇಲ್ಲಿ ತಿರುಗುಮುರುಗು.

ಹಾಗೆಂದು ನಮ್ಮ ಏರ್ಪಾಡು ನಿರ್ದೋಷವೆಂದು ಹೊಗಳಲಾಗದು. ಭೂಸೈನ್ಯದ ಪೂರ್ವ ಕಮ್ಯಾಂಡು ಕಲ್ಕತ್ತೆಯಲ್ಲಿ, ವಿಮಾನದಳದ್ದು ಶಿಲ್ಲಾಂಗಿನಲ್ಲಿ, ನೌಕಾದಳದ್ದು ವಿಶಾಖಪಟ್ಟಣದಲ್ಲಿ! 1971ರ ಯುದ್ಧದಲ್ಲಿ ಈ ಅಂತರವನ್ನು ತುಂಬಲು ವಿಮಾನದಳವು ಕಲ್ಕತ್ತೆಯ ಫೋರ್ಟ್ ವಿಲಿಯಮ್ಮಿನಲ್ಲಿ ಒಂದು ಮುಂಗಡ ಕೇಂದ್ರವನ್ನು ತೆರೆಯಬೇಕಾಯಿತು. ಕಾಗದದ ಮೇಲಿನ ವ್ಯವಸ್ಥೆ ಸಾಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಅದೇ ಯುದ್ಧವು ಎದುರು ಪಕ್ಷಕ್ಕೂ ಸಾಕ್ಷ್ಯ ಒದಗಿಸುತ್ತದೆ. ಪೂರ್ವದ ಆಕಾಶ ಕೈಗೆ ಬಂದ ಮೇಲೆ ಕೆಲವು ಸ್ಕ್ವಾಡ್ರನ್‌ಗಳನ್ನು ಪಶ್ಚಿಮಕ್ಕೆ ಕಳುಹಿಸಲಾಯಿತು. ಪ್ರದೇಶಾಧಿಪತಿಯ ಹಿಡಿತ ಬಿಗಿಯಾಗಿದ್ದಲ್ಲಿ ಇಷ್ಟು ಸುಲಭವಾಗಿ ಅವು ಹೊರಟಾವೇ?

2020ರಲ್ಲಿ ಮೂರು ಪಡೆಗಳಿಗೆ ಸಂಬಂಧಿಸಿದಂತೆ ಮುಖ್ಯ ರಕ್ಷಣಾಧಿಕಾರಿಯ ಹುದ್ದೆ ಕಾರ್ಯಾರಂಭ ಮಾಡಿದಂದಿನಿಂದ, ಸಂಯುಕ್ತ ಕಮ್ಯಾಂಡುಗಳ ಚರ್ಚೆ ಕಾವೇರಿತು. ವಿಮಾನಗಳು ಕಡಿಮೆ, ಅವನ್ನು ಹಂಚಿಟ್ಟರೆ ಬಲ ಕುಂದುವುದೆಂಬುದು ವಿಮಾನದಳದ ಕಡೆಯಿಂದ ಕೇಳಿಬಂದ ಆಕ್ಷೇಪಣೆ. ಸಂಯುಕ್ತ ವ್ಯವಸ್ಥೆಯ ಪರವಾದಿಗಳು ಹಳೆಯದನ್ನು ವಸಾಹತು ಕಾಲದ ಉಳಿಕೆಯೆಂದು ತಳ್ಳಿಹಾಕುವುದು ಸುಲಭ. 1963ರಲ್ಲಿ ಹೆಸರು ಬದಲಿಸಿದವರು ಬ್ರಿಟಿಷರಾಗಿರಲಿಲ್ಲ. ವಾದ ಹೂಡಬೇಕಾದದ್ದು ಫೋರ್ಟ್ ವಿಲಿಯಮ್ಮಿನ ಆ ಮುಂಗಡ ಕೇಂದ್ರದ ಅನುಭವವನ್ನು ಮುಂದಿಟ್ಟುಕೊಂಡು.